ಹಳದಿ ಮುಚ್ಚಳದ ಬುಧವಾರ

ನೆವಿಲ್ ಪ್ರೌಟ್ ಬರೆದಿಟ್ಟಿದ್ದ ಮೂವತ್ತೇಳನೆಯ ಪರೀಕ್ಷೆಯನ್ನು ಯಾರಾದರೂ ಜೂನ್ ತಿಂಗಳಲ್ಲೇ ಮಾಡಿ ನೋಡಿದ್ದರೆ, ಯಾರಾಬಂಗ್ ಊರಿನ ಕಸ ತನ್ನ ಪಾಡಿಗೆ ತಾನು ಹೋಗುತ್ತಿತ್ತು, ನೆವಿಲ್ ತನ್ನ ಪಾಡಿಗೆ ತಾನು ರಜೆಗೆ ಹೋಗುತ್ತಿದ್ದ, ನನಗೆ ಹೇಳಲು ಕತೆಯೂ ಇರುತ್ತಿರಲಿಲ್ಲ. ಆದರೆ ಭೂಗೋಳದ ಆ ಕೆಳಭಾಗದಲ್ಲಿ ಜೂನ್ ಅಂದರೆ ನಡುಚಳಿಗಾಲ, ಎಲ್ಲರಿಗೂ ಚಳಿ, ಎಲ್ಲರಿಗೂ ಅವಸರ. ಆ ಹಾಳೆ ಹಾಗೇ ಉಳಿದುಹೋಯಿತು.

ನೆವಿಲ್ ಊರಿನ ಕೌನ್ಸಿಲ್‌ನಲ್ಲಿ, ಅಂದರೆ ಪುರಸಭೆಯಲ್ಲಿ, ಟೆಸ್ಟರ್. ಬೇರೆಯವರು ಬರೆದ ಸಾಫ್ಟ್‌ವೇರ್‌ನಲ್ಲಿ ಹುಳುಕು ಹುಡುಕುವುದು ಅವನ ಕೆಲಸ, ಮತ್ತು ಆ ಕೆಲಸ ಅವನ ರಕ್ತಕ್ಕೇ ಇಳಿದಿತ್ತು. ಕುರ್ಚಿಯಲ್ಲಿ ಕೂರುವ ಮುನ್ನ ಅಲುಗಾಡಿಸಿ ನೋಡುತ್ತಿದ್ದ. ಫ್ರಿಜ್ ಬಾಗಿಲು ಮುಚ್ಚಿದ ಮೇಲೆ ಒಳಗಿನ ದೀಪ ನಿಜವಾಗಿಯೂ ಆರುತ್ತದೆಯೇ ಎಂದು ತಿಳಿಯಲು ಒಮ್ಮೆ ತನ್ನ ಫೋನಿನಲ್ಲಿ ವಿಡಿಯೋ ಹಚ್ಚಿ, ಅದನ್ನು ಬೆಣ್ಣೆಯ ಪಕ್ಕ ಇಟ್ಟಿದ್ದ. ಮದುವೆಯ ದಿನ ಚರ್ಚಿನಲ್ಲಿ ರೇಲೀನಳ ಬೆರಳಿಗೆ ಉಂಗುರ ತೊಡಿಸಿದವನು, ಅದು ವಾಪಸು ಬರುತ್ತದೋ ಇಲ್ಲವೋ ಎಂದು ಎಲ್ಲರ ಮುಂದೆ ಒಮ್ಮೆ ತೆಗೆದೂ ನೋಡಿದ್ದ. ಇಪ್ಪತ್ತಾರು ವರ್ಷವಾದರೂ ರೇಲೀನ್ ಅದನ್ನು ಮರೆತಿರಲಿಲ್ಲ.

ಅಡಿಗೆ ಒಲೆಯ ಮೇಲಿರುವಾಗಲೇ ಉಪ್ಪು ನೋಡುವ ಹಾಗೆ ಸಾಫ್ಟ್‌ವೇರನ್ನೂ ಕಟ್ಟುತ್ತಿರುವಾಗಲೇ ಹೆಜ್ಜೆಹೆಜ್ಜೆಗೂ ಪರೀಕ್ಷಿಸಬೇಕು ಎಂಬುದು ನೆವಿಲ್‌ನ ವಾದ. ಅವನ ಮೇಲಧಿಕಾರಿ ವಾರ್ವಿಕ್‌ನ ವಾದ ಇದಕ್ಕಿಂತ ಚಿಕ್ಕದು.

"ಎಲ್ಲಾ ಮುಗೀಲಿ, ಕೊನೇಲಿ ಒಂದ್ಸಲ ನೋಡಿದ್ರಾಯ್ತು. ಏನೂ ಆಗಲ್ಲ ಬಿಡು."

ಹೀಗೆ ಕೊನೆಯಲ್ಲಿ ನೋಡಲೆಂದು ಉಳಿಸಿದ್ದು ಕಸದ ಆ್ಯಪ್. ಯಾರಾಬಂಗ್‌ನಲ್ಲಿ ಮನೆಗೆ ಮೂರು ಕಸದ ಡಬ್ಬ. ಕೆಂಪು ಮುಚ್ಚಳದ್ದು ಮಾಮೂಲಿ ಕಸಕ್ಕೆ, ಅದು ವಾರವಾರವೂ ಹೋಗುತ್ತದೆ. ಹಳದಿ ಮುಚ್ಚಳದ್ದು ಬಾಟಲಿ ರಟ್ಟುಗಳಿಗೆ, ಹಸಿರು ಮುಚ್ಚಳದ್ದು ಹುಲ್ಲು ಎಲೆಗಳಿಗೆ. ಇವೆರಡು ವಾರ ಬಿಟ್ಟು ವಾರ. ಬುಧವಾರ ಸಂಜೆಯೊಳಗೆ ರಸ್ತೆಯಂಚಿಗೆ ಎಳೆದಿಟ್ಟರೆ ಗುರುವಾರ ಬೆಳಗ್ಗೆ ಲಾರಿ ಬಂದು ಎತ್ತುತ್ತದೆ. ತಪ್ಪು ಡಬ್ಬ ಇಟ್ಟರೆ ಲಾರಿ ತಿರುಗಿಯೂ ನೋಡುವುದಿಲ್ಲ. ಈ ವಾರ ಹಳದಿಯೋ ಹಸಿರೋ ಎಂಬ ಪ್ರಶ್ನೆ ಆ ಊರಿನ ಸಂಸಾರಗಳಲ್ಲಿ ಎಬ್ಬಿಸಿದಷ್ಟು ಜಗಳವನ್ನು ಕ್ರಿಕೆಟ್ಟೂ ಎಬ್ಬಿಸಿಲ್ಲ. ಆ್ಯಪ್ ಬರುತ್ತದಲ್ಲ ಎಂದು ಕೌನ್ಸಿಲ್ ಈ ವರ್ಷದಿಂದ ಕ್ಯಾಲೆಂಡರ್ ಹಂಚುವುದನ್ನೂ ನಿಲ್ಲಿಸಿತ್ತು.

ಆ್ಯಪನ್ನು ಮೊದಲು ಒಂದೇ ಬೀದಿಯಲ್ಲಿ ಬಳಸಿ ನೋಡುವುದೆಂದು ತೀರ್ಮಾನವಾಯಿತು. ವಾರ್ವಿಕ್ ಆರಿಸಿದ್ದು ನೆವಿಲ್ ವಾಸವಿದ್ದ ಕರವಾಂಗ್ ಬೀದಿಯನ್ನೇ. ಇಪ್ಪತ್ತೆರಡು ಮನೆಗಳ ಆ ಬೀದಿಯಲ್ಲಿ ಹನ್ನೊಂದು ವರ್ಷದಿಂದ ಒಂದೇ ಒಂದು ತಪ್ಪು ಡಬ್ಬ ಹೊರಬಂದಿರಲಿಲ್ಲ. ಅಷ್ಟು ಬುದ್ಧಿವಂತರ ಬೀದಿಯಲ್ಲಿ ಸೋಲುವುದಾದರೂ ಹೇಗೆ ಎಂದು ವಾರ್ವಿಕ್‌ನ ಲೆಕ್ಕಾಚಾರ.

"ಜನವರಿ ಎರಡನೇ ಬುಧವಾರ, ಸಂಜೆ ಆರಕ್ಕೆ ಮೇಯರನ್ನ ಕರ್ಕೊಂಡು ಬರ್ತೀನಿ," ಎಂದಿದ್ದ ಅವನು. "ಇಪ್ಪತ್ತೆರಡೂ ಮನೆ ಮುಂದೆ ಸರಿಯಾದ ಡಬ್ಬ ನಿಂತಿದ್ರೆ ಮಾರನೇ ದಿನವೇ ನಿನ್ನ ರಜೆ ಶುರು. ಒಂದು ತಪ್ಪಿದ್ರೂ, ಆ್ಯಪ್ ಸರಿಹೋಗೋವರೆಗೆ ರಜೆ ಮಾತೆತ್ತಬೇಡ."

ಆ ರಜೆಗಾಗಿ ನೆವಿಲ್ ಹದಿನೈದು ವರ್ಷ ದುಡಿದಿದ್ದ. ದೀರ್ಘ ಸೇವೆಗೆಂದು ಕೊಡುವ ಮೂರು ತಿಂಗಳ ರಜೆ. ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಡಿಮನೆ ಕ್ಯಾರವಾನ್ ತೊಳೆಸಿಕೊಂಡು ಅಂಗಳದಲ್ಲಿ ನಿಂತಿತ್ತು. ರೇಲೀನ್ ಅದರ ಕಿಟಕಿಗಳಿಗೆ ಪರದೆ ಹೊಲಿದು, ಉತ್ತರದ ಬೆಚ್ಚನೆಯ ಕಡಲತೀರಗಳ ಹೆಸರುಗಳನ್ನು ಬರೆದ ಪಟ್ಟಿಯನ್ನು ಫ್ರಿಜ್ ಮೇಲೆ ಅಂಟಿಸಿದ್ದಳು. ಬುಧವಾರ ಬೆಳಗ್ಗೆ ಅವಳು ಹೇಳಿದ್ದು ಒಂದೇ ಮಾತು.

"ನೆವಿಲ್, ಈ ಸಲ ಹೋಗ್ಲಿಲ್ಲ ಅಂದ್ರೆ ನಾನು ನಿನ್ನ ಬಿಟ್ಟಾದ್ರೂ ಹೋಗ್ತೀನಿ."

ನೆವಿಲ್ ನಕ್ಕ. ಅವಳು ನಗಲಿಲ್ಲ.

ಕಚೇರಿಗೆ ಬಂದವನು ಹತ್ತು ಗಂಟೆಗೆ ಎಂದಿನಂತೆ ಲಾರಿ ಡಿಪೋಗೆ ಫೋನ್ ಮಾಡಿದ. ಹನ್ನೊಂದು ವರ್ಷದಿಂದ ಪ್ರತಿ ಬುಧವಾರವೂ ಮಾಡುತ್ತಿದ್ದ. ಕ್ಯಾಲೆಂಡರ್ ಇದ್ದಾಗಲೂ ಮಾಡುತ್ತಿದ್ದ, ಏಕೆಂದರೆ ಕ್ಯಾಲೆಂಡರನ್ನು ಯಾರು ಪರೀಕ್ಷಿಸಿದ್ದಾರೋ ಅವನಿಗೆ ಗೊತ್ತಿರಲಿಲ್ಲ.

"ಹಳದಿ ಕಣಯ್ಯಾ," ಎಂದ ಡಿಪೋದ ಗಾರ್ತ್. "ಹೋದ ವಾರ ಹಸಿರು ಅಂದ್ಮೇಲೆ ಈ ವಾರ ಹಳದೀನೇ ಅಲ್ವಾ?"

"ಗೊತ್ತು. ಆದ್ರೂ ಕೇಳಿದೆ."

ಫೋನ್ ಇಟ್ಟು ಆ್ಯಪ್ ತೆರೆದ. ಅದರಲ್ಲಿ ಹಸಿರು ಡಬ್ಬವೊಂದು ಹಲ್ಲು ಕಿರಿದು ಕೈಬೀಸುತ್ತಿತ್ತು.

ನೆವಿಲ್ ಆ್ಯಪ್ ಮುಚ್ಚಿ ಇನ್ನೊಮ್ಮೆ ತೆರೆದ. ಹಸಿರೇ. ಡ್ರಾಯರಿನಿಂದ ತನ್ನ ಕಡತ ತೆಗೆದ. ನಾನೂರ ಹನ್ನೆರಡು ಪರೀಕ್ಷೆಗಳು, ಒಂದೊಂದಕ್ಕೂ ಒಂದೊಂದು ಹಾಳೆ. ಮೂವತ್ತೇಳನೆಯದರಲ್ಲಿ ಅವನದೇ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: 'ಈ ಆ್ಯಪ್ ಬೆಸ ವಾರಕ್ಕೆ ಹಳದಿ, ಸಮ ವಾರಕ್ಕೆ ಹಸಿರು ಎನ್ನುತ್ತದೆ. ಆದರೆ ಈ ವರ್ಷಕ್ಕೆ ಐವತ್ತಮೂರು ವಾರ. ಐವತ್ತಮೂರು ಬೆಸ, ಅದರ ಮುಂದಿನ ಒಂದೂ ಬೆಸ. ಆಗ ಏನಾಗುತ್ತದೆ? ಹೊಸ ವರ್ಷದ ತಾರೀಖು ಹಾಕಿ ನೋಡುವುದು.' ಪಕ್ಕದಲ್ಲಿ ವಾರ್ವಿಕ್ ಪೆನ್ಸಿಲಿನಲ್ಲಿ 'ಆಮೇಲೆ' ಎಂದು ಬರೆದಿದ್ದ.

ಕಡತ ಹಿಡಿದು ನೆವಿಲ್ ಆ್ಯಪ್ ಬರೆದ ಟಾಲಿಯಾಳ ಮೇಜಿಗೆ ಓಡಿದ. ಆಕೆ ಟೋಸ್ಟಿಗೆ ವೆಜಿಮೈಟ್ ಎಂಬ ಕಪ್ಪು ಉಪ್ಪುಲೇಪ ಸವರುತ್ತ ಕೂತಿದ್ದಳು.

"ಟಾಲಿಯಾ, ಆ್ಯಪ್ ಹಸಿರು ಅಂತಿದೆ. ಹಳದಿ ಆಗ್ಬೇಕು."

"ನನ್ನ ಫೋನಲ್ಲಿ ಸರಿಯಾಗೇ ಬರ್ತಿದೆಯಲ್ಲ. ನೋಡು, ಹಳದಿ."

ನೆವಿಲ್ ನೋಡಿದ. ಹಳದಿಯೇ. ಆಮೇಲೆ ಫೋನಿನ ಮೂಲೆಯಲ್ಲಿದ್ದ ತಾರೀಖನ್ನೂ ನೋಡಿದ.

"ಇದ್ರಲ್ಲಿ ಜೂನ್ ಹದಿನೇಳು ಅಂತಿದೆ."

"ಹೌದಾ?" ಟಾಲಿಯಾ ಟೋಸ್ಟ್ ಕೆಳಗಿಟ್ಟಳು. "ಅವತ್ತು ಏನೋ ನೋಡೋಕೆ ಅಂತ ತಾರೀಖು ಹಿಡಿದು ನಿಲ್ಲಿಸಿದ್ದೆ. ಬಿಡಿಸೋದು ಮರ್ತೆ ಅನ್ಸುತ್ತೆ. ಅದಕ್ಕೇ ನಮ್ಮಮ್ಮನ ಹುಟ್ಟಿದಬ್ಬ ಇನ್ನೂ ಬಂದಿಲ್ಲ ಅಂತ ಅಂದ್ಕೊಂಡಿದ್ದೆ."

"ಈಗ ಸರಿಮಾಡೋಕೆ ಆಗುತ್ತಾ?"

"ಸರಿಮಾಡೋಕೆ ಐದು ನಿಮಿಷ. ಎಲ್ಲರ ಫೋನಿಗೂ ಹೋಗಿ ಮುಟ್ಟೋಕೆ ಎರಡು ದಿನ. ಇವತ್ತು ಯಾವ ಡಬ್ಬ ಅಂತ ಹನ್ನೆರಡು ಗಂಟೆಗೆ ತಾನಾಗೇ ಹೋಗೋ ಸಂದೇಶಾನಂತೂ ಯಾರೂ ತಡೆಯೋಕಾಗಲ್ಲ. ಅದು ನಾನು ಬರೆದಿದ್ರಲ್ಲಿ ತುಂಬಾ ಗಟ್ಟಿ ಭಾಗ."

ಉಳಿದದ್ದು ವಾರ್ವಿಕ್. ಅವನು ಕನ್ನಡಿಯ ಮುಂದೆ ನಿಂತು ಮೇಯರಿಗಾಗಿ ಟೈ ಕಟ್ಟಿಕೊಳ್ಳುತ್ತಿದ್ದ.

"ವಾರ್ವಿಕ್, ಒಂದು ಸಣ್ಣ ತೊಂದರೆ..."

"ನೆವಿಲ್," ಎಂದು ವಾರ್ವಿಕ್ ಕನ್ನಡಿಯಲ್ಲೇ ಅವನನ್ನು ನೋಡಿದ. "ಪರೀಕ್ಷೆ ಅನ್ನೋದು ಪಾಸಾಗೋಕೆ ಮಾಡೋದು. ಸಂಜೆ ಆರರವರೆಗೆ ತೊಂದರೆ ಅನ್ನೋ ಮಾತು ನನ್ನ ಕಿವಿಗೆ ಬೀಳ್ಬಾರ್ದು. ತೊಂದರೆ ಇದ್ರೆ ರಜೆ ಇಲ್ಲ. ಈಗ ಹೇಳು, ತೊಂದರೆ ಇದೆಯಾ?"

ನೆವಿಲ್‌ನ ಕಣ್ಣ ಮುಂದೆ ಕ್ಯಾರವಾನಿನ ಹೊಸ ಪರದೆಗಳು ಬಂದವು. ಆ ಪರದೆಗಳ ಹಿಂದಿನಿಂದ ರೇಲೀನ್ ಇಣುಕಿದಳು.

"ಇಲ್ಲ," ಎಂದ. ಹದಿನೈದು ವರ್ಷದ ಸೇವೆಯಲ್ಲಿ ಆಡಿದ ಮೊದಲ ಸುಳ್ಳು. ಅದು ಇಷ್ಟು ಸಲೀಸಾಗಿ ಬಂದದ್ದು ಕಂಡು ಅವನಿಗೇ ಹೆದರಿಕೆಯಾಯಿತು.

ಮಧ್ಯಾಹ್ನದ ರಜೆ ಬರೆದಿಟ್ಟು ಮನೆಯತ್ತ ಧಾವಿಸಿದ. ಉಪಾಯ ಸರಳವಾಗಿತ್ತು. ಆ್ಯಪ್ ಏನಾದರೂ ಒದರಿಕೊಳ್ಳಲಿ, ಮನೆಮನೆಗೂ ಹೋಗಿ ಹಳದಿ ಇಡಿ ಎಂದು ಹೇಳಿದರೆ ಸಂಜೆ ಇಪ್ಪತ್ತೆರಡು ಮನೆಯ ಮುಂದೆಯೂ ಸರಿಯಾದ ಡಬ್ಬ ನಿಲ್ಲುತ್ತದೆ. ಕಾರಿನಿಂದ ಇಳಿಯುವ ಹೊತ್ತಿಗೆ ಹನ್ನೆರಡಾಯಿತು. ಬೀದಿಯುದ್ದಕ್ಕೂ ತೆರೆದ ಕಿಟಕಿಗಳಿಂದ ಫೋನುಗಳು ಒಟ್ಟಿಗೇ ಟಿಣ್ ಎಂದವು.

ಎದುರುಮನೆಯ ಸ್ಟಾವ್ರೋಸ್ ಬನಿಯನ್ನಿನಲ್ಲಿ ನಿಂತು ಟೊಮೆಟೊ ಗಿಡಗಳಿಗೆ ನೀರು ಬಿಡುತ್ತಿದ್ದ.

"ಸ್ಟಾವ್ರೋಸ್, ಇವತ್ತು ಹಳದಿ ಡಬ್ಬ ಇಡು."

ಸ್ಟಾವ್ರೋಸ್ ಫೋನು ತೆಗೆದು ನೋಡಿದ. "ಇದು ಹಸಿರು ಅಂತಿದೆಯಲ್ಲೋ."

"ಅದನ್ನ ನೋಡ್ಬೇಡ."

"ಮೊನ್ನೆ ಭಾನುವಾರ ನೀನೇ ತಾನೇ ನಮ್ಮನೆ ಅಡುಗೆಮನೇಲಿ ಕೂತು ಇದನ್ನ ಹಾಕಿಕೊಟ್ಟಿದ್ದು? ನಾನು ಕೊಟ್ಟ ಹಲ್ವಾ ತಿಂತಾ ಕಣ್ಮುಚ್ಚಿಕೊಂಡು ನಂಬು ಅಂದೆ."

"ಅಂದೆ. ಈಗ ನಂಬಬೇಡ ಅಂತಿದೀನಿ."

ಸ್ಟಾವ್ರೋಸ್ ನೀರಿನ ಕೊಳವೆಯನ್ನು ಪಕ್ಕಕ್ಕೆ ತಿರುಗಿಸಿ ನೆವಿಲ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮೆಲ್ಲಗೆ ಅವನ ಮುಖದಲ್ಲಿ ನಗು ಹರಡಿತು.

"ಆಹಾ. ಗೊತ್ತಾಯ್ತು ಬಿಡು. ಇದೂ ಟೆಸ್ಟೇ ತಾನೇ? ಯಾರಾದ್ರೂ ಬಂದು ಬೇರೆ ಥರ ಹೇಳಿದ್ರೆ ನಾವು ಆ್ಯಪ್ ಮಾತು ಕೇಳ್ತೀವೋ ಇಲ್ವೋ ಅಂತ ನೋಡ್ತಿದೀಯ. ನನ್ನ ಹತ್ರ ಈ ಆಟ ನಡೆಯಲ್ಲ ಮಾರಾಯಾ. ನಾನು ಹಸಿರೇ ಇಡೋದು."

ನೆವಿಲ್ ಆಣೆ ಇಟ್ಟ. ಇಟ್ಟಷ್ಟೂ ಸ್ಟಾವ್ರೋಸ್‌ನಿಗೆ ಇದು ಟೆಸ್ಟೇ ಎಂದು ಖಾತ್ರಿಯಾಗುತ್ತ ಹೋಯಿತು. ಕೊನೆಗೆ ಅವನು ಬೇಲಿಯ ಮೇಲಿಂದ ಪಕ್ಕದ ಮನೆಗೆ ಕೂಗಿ ಹೇಳಿದ, "ನೆವಿಲ್ ಬಂದು ಹಳದಿ ಅಂತಾನೆ, ಬೇಸ್ತು ಬೀಳ್ಬೇಡಿ." ಸುದ್ದಿ ಬೇಲಿಯಿಂದ ಬೇಲಿಗೆ ನೆವಿಲ್‌ಗಿಂತ ಮುಂಚೆ ಓಡಿತು. ಅವನು ಹೋದ ಕಡೆಯಲ್ಲೆಲ್ಲ ಜನ ಬಾಗಿಲಲ್ಲೇ ಕಣ್ಣು ಹೊಡೆದು, ಹಸಿರು ಹಸಿರು ಎಂದು ಬೆನ್ನು ತಟ್ಟಿ ಕಳಿಸಿದರು. ಒಬ್ಬಾಕೆಯಂತೂ, ಎಲ್ಲದಕ್ಕೂ ಸರಿಯಾಗಿ ಉತ್ತರ ಹೇಳಿದವರಿಗೆ ಬಹುಮಾನ ಏನಾದರೂ ಉಂಟೇ ಎಂದು ವಿಚಾರಿಸಿದಳು.

ಕೊನೆಗೆ ತನ್ನ ಮನೆಯ ಪಕ್ಕದ ಮರ್ಲ್ ಹಾಜ್ಕಿಸ್ ಬಾಗಿಲು ತಟ್ಟಿದ. ಎಪ್ಪತ್ತೆಂಟು ವರ್ಷದ ಮರ್ಲ್ ಕಿಟಕಿಯ ಪರದೆಯ ಹಿಂದೆ ಕೂತೇ ಬೀದಿಯನ್ನು ಆಳುತ್ತಿದ್ದವಳು.

"ಮರ್ಲ್, ನೀವಾದ್ರೂ ನನ್ನ ಮಾತು ಕೇಳಿ. ಹಳದಿ ಇಡಿ."

"ನೆವಿಲ್, ನೀನು ಮಾತಾಡೋವಾಗ ಎಡಗಿವಿ ಕೆಂಪಾಗ್ತಿದೆ. ಹೋಗಿ ನೀರು ಕುಡಿ," ಎಂದು ಮರ್ಲ್ ಬಾಗಿಲು ಹಾಕಿಕೊಂಡಳು.

ಮೂರು ಗಂಟೆಗೆ ಬಿಸಿಲು ನಲವತ್ತು ಡಿಗ್ರಿ ಮುಟ್ಟಿತ್ತು. ಮಾತಿನಿಂದ ಆಗದ್ದನ್ನು ಕೈಯಿಂದ ಮಾಡುವುದೆಂದು ನೆವಿಲ್ ನಿರ್ಧರಿಸಿದ. ಎಲ್ಲರೂ ಒಳಗೆ ಫ್ಯಾನಿನ ಕೆಳಗೆ ಒರಗಿರುವಾಗ ಒಬ್ಬೊಬ್ಬರ ಮನೆಯ ಪಕ್ಕಕ್ಕೂ ನುಸುಳಿ ಹಳದಿ ಡಬ್ಬಗಳನ್ನು ತಾನೇ ಹೊರಗೆಳೆಯತೊಡಗಿದ. ಹೊಸ ವರ್ಷದ ಬಾಟಲಿಗಳು ತುಂಬಿದ್ದ ಆ ಡಬ್ಬಗಳು ಹೆಜ್ಜೆಗೊಮ್ಮೆ ಝಲ್ ಎನ್ನುತ್ತಿದ್ದವು. ಕದ್ದು ಮಾಡುವ ಕೆಲಸಕ್ಕೆ ಇಷ್ಟು ಗದ್ದಲದ ಮಾಲು ಬೇರೊಂದಿಲ್ಲ. ಅವನು ನಾಲ್ಕನೆಯ ಮನೆ ಮುಗಿಸುವಷ್ಟರಲ್ಲಿ ಮೊದಲನೆಯ ಮನೆಯವನು ತನ್ನ ಡಬ್ಬವನ್ನು ಒಳಗೆಳೆದುಕೊಂಡಿದ್ದ. ಆರನೆಯ ಮನೆಗೆ ಬರುವಾಗ ಎರಡು, ಮೂರೂ ಒಳಗೆ ಹೋಗಿದ್ದವು. ಸ್ಟಾವ್ರೋಸ್ ತನ್ನ ಹಳದಿ ಡಬ್ಬದ ಮುಚ್ಚಳದ ಮೇಲೆಯೇ ಕೂತು ದ್ರಾಕ್ಷಿ ತಿನ್ನುತ್ತ, "ಶಭಾಷ್, ಎಂಥಾ ಕಟ್ಟುನಿಟ್ಟಿನ ಟೆಸ್ಟು," ಎಂದ.

ಮರ್ಲ್ ಮನೆಯ ಹಿಂದೆ ಮಾತ್ರ ಯಾರೂ ಇರಲಿಲ್ಲ. ಬೆವರು ಕಣ್ಣಿಗಿಳಿದು ಏನೂ ಕಾಣದೆ ನೆವಿಲ್ ಕೈಗೆ ಸಿಕ್ಕ ಡಬ್ಬವನ್ನು ರಭಸದಿಂದ ತನ್ನತ್ತ ಬಗ್ಗಿಸಿದ. ಅದು ಕೆಂಪು ಮುಚ್ಚಳದ್ದು. ಕ್ರಿಸ್‌ಮಸ್ ದಿನ ತಿಂದ ಸಿಗಡಿಯ ತಲೆ ಸಿಪ್ಪೆಗಳನ್ನು ನಾರದಿರಲಿ ಎಂದು ಮರ್ಲ್ ಇಷ್ಟು ದಿನ ಫ್ರೀಜರಿನಲ್ಲಿಟ್ಟು, ಆ ದಿನ ಬೆಳಗ್ಗೆ ಡಬ್ಬಕ್ಕೆ ಹಾಕಿದ್ದಳು. ಅವು ಈಗ ಹದವಾಗಿ ಕರಗಿದ್ದವು. ನೆವಿಲ್ ಅಂಗಾತ ಬಿದ್ದ, ಸಿಗಡಿ ಅವನ ಮೇಲೆ ಬಿತ್ತು.

ಕಿಟಕಿಯ ಪರದೆ ಸರಿಯಿತು. ಮರ್ಲ್ ಚಹಾದ ಬಟ್ಟಲು ಹಿಡಿದು ನಿಂತಿದ್ದಳು.

"ಇದೂ ನಿನ್ನ ಪಟ್ಟೀಲಿ ಇತ್ತಾ, ನೆವಿಲ್?"

ನೆವಿಲ್ ಎಲ್ಲವನ್ನೂ ಬಾಚಿ ಡಬ್ಬಕ್ಕೆ ತುಂಬಿ, ಅಂಗಿಯ ಜೇಬಿನಲ್ಲಿ ಉಳಿದ ಒಂದು ಸಿಗಡಿ ಮೀಸೆಯ ಸಮೇತ ಮನೆಗೆ ಬಂದ. ರೇಲೀನ್ ಮೂಗು ಮುಚ್ಚಿಕೊಂಡು ಅವನನ್ನು ಅಂಗಳದಲ್ಲೇ ತಡೆದಳು. ಅವನಿಗೆ ಅಳು ಬರುವುದೊಂದು ಬಾಕಿ. ಹದಿನೈದು ವರ್ಷ ಕಾದ ರಜೆ, ಬರೆದಿಟ್ಟೂ ಮಾಡದ ಒಂದು ಪರೀಕ್ಷೆಯಿಂದ ಕೈಬಿಟ್ಟು ಹೋಗುತ್ತಿತ್ತು. ತನ್ನದೊಂದು ಮನೆಯಾದರೂ ಸರಿಯಿರಲಿ ಎಂದು ನಾಲ್ಕು ಗಂಟೆಗೆ ತನ್ನ ಕೆಂಪು ಡಬ್ಬವನ್ನೂ ಹಳದಿ ಡಬ್ಬವನ್ನೂ ರಸ್ತೆಯಂಚಿಗೆ ಎಳೆದಿಟ್ಟು, ಎಂದಿನ ಅಭ್ಯಾಸದಂತೆ ಎರಡರ ಮುಚ್ಚಳವನ್ನೂ ಒಮ್ಮೊಮ್ಮೆ ತೆರೆದು ಮುಚ್ಚಿ ನೋಡಿ, ಸ್ನಾನಕ್ಕೆ ಹೋದ. ಮೂರು ಸಲ ಸೋಪು ಹಚ್ಚಿದರೂ ಸಿಗಡಿ ಬಿಡಲಿಲ್ಲ.

ಆರು ಗಂಟೆಗೆ ಬಿಸಿಲು ಇನ್ನೂ ಮಾಳಿಗೆಯ ಮೇಲಿರುವಾಗ ವಾರ್ವಿಕ್‌ನ ಕಾರು ಬಂತು. ನೆವಿಲ್ ತಲೆ ತಗ್ಗಿಸಿ ಗೇಟು ತೆರೆದವನು ಹಾಗೇ ನಿಂತುಬಿಟ್ಟ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಸಾಲಾಗಿ ಹಳದಿ ಮುಚ್ಚಳ. ಸ್ಟಾವ್ರೋಸ್‌ನ ಮನೆ ಹಳದಿ, ಮರ್ಲ್ ಮನೆ ಹಳದಿ, ಬಹುಮಾನ ಕೇಳಿದಾಕೆಯ ಮನೆ ಹಳದಿ. ಅವನು ಎರಡು ಸಲ ಎಣಿಸಿದ. ಇಪ್ಪತ್ತೆರಡಕ್ಕೆ ಇಪ್ಪತ್ತೆರಡು.

ವಾರ್ವಿಕ್ ಕೂಡ ಎಣಿಸುತ್ತಿದ್ದ. ಒಮ್ಮೆ ಬೀದಿಯನ್ನೂ ಒಮ್ಮೆ ಫೋನನ್ನೂ ನೋಡಿ ಅವನ ಮುಖ ಬಿಳಿಚಿಕೊಂಡಿತು.

"ನೆವಿಲ್, ಆ್ಯಪ್ ಹಸಿರು ಅಂತಿದೆ. ಇಲ್ಲಿ ಒಂದೂ ಹಸಿರಿಲ್ಲ. ಇಪ್ಪತ್ತೆರಡಕ್ಕೆ ಸೊನ್ನೆ."

"ಆ್ಯಪ್ ತಪ್ಪು, ವಾರ್ವಿಕ್. ಬೀದಿ ಸರಿ," ಎಂದ ನೆವಿಲ್. ಬೆಳಗ್ಗೆ ಸಲೀಸಾಗಿ ಸುಳ್ಳಾಡಿದ ಬಾಯಿ ನಿಜ ಹೇಳುವಾಗ ತಡವರಿಸಿತು. "ಮೂವತ್ತೇಳನೇ ಪರೀಕ್ಷೆ. ನೀವು ಆಮೇಲೆ ಅಂತ ಬರೆದಿದ್ರಿ."

ಮೇಯರಮ್ಮ ದಪ್ಪ ಬೂಟಿನ, ಕುರಿ ಸಾಕುವ ಮನೆತನದ ಹೆಂಗಸು. ಅವರು ಯಾರ ವಾದವನ್ನೂ ಕೇಳದೆ ಡಿಪೋಗೆ ಫೋನ್ ಮಾಡಿದರು. "ಹಳದಿ," ಎಂದು ಗಾರ್ತ್‌ನ ಧ್ವನಿ ಎಲ್ಲರಿಗೂ ಕೇಳಿಸಿತು. "ಬೆಳಗ್ಗೆನೇ ನೆವಿಲ್‌ಗೆ ಹೇಳಿದ್ನಲ್ಲ."

"ಹಾಗಾದ್ರೆ ಪಾಸು," ಎಂದು ವಾರ್ವಿಕ್ ಕೂಡಲೇ ಬಣ್ಣ ಬದಲಿಸಿದ. "ಸರಿಯಾದ ಡಬ್ಬ, ಇಪ್ಪತ್ತೆರಡು ಮನೆ. ನಾನು ಹೇಳಿದ್ದೂ ಅದೇ ತಾನೇ?"

ನೆವಿಲ್‌ಗೆ ಉಸಿರು ಬಂತು. ಕ್ಯಾರವಾನಿನ ಬಾಗಿಲಲ್ಲಿ ನಿಂತಿದ್ದ ರೇಲೀನ್ ಆ ದಿನ ಮೊದಲ ಸಲ ನಕ್ಕಳು. ಮೇಯರಮ್ಮ ಮಾತ್ರ ಹುಬ್ಬು ಗಂಟಿಕ್ಕಿ ಮರ್ಲ್ ಕಡೆ ತಿರುಗಿದರು.

"ಆ್ಯಪ್ ಹಸಿರು ಅಂದ್ರೂ ನೀವೆಲ್ಲ ಹಳದಿ ಇಟ್ಟಿದ್ದು ಹೇಗೆ?"

"ಆ್ಯಪ್ ಯಾರು ನೋಡ್ತಾರೆ?" ಎಂದಳು ಮರ್ಲ್. "ನಾನು ನೆವಿಲ್ ಡಬ್ಬ ನೋಡ್ತೀನಿ. ಹನ್ನೊಂದು ವರ್ಷದಿಂದ ಅದನ್ನೇ ನೋಡಿ ಇಡೋದು."

"ನಾನು ಮರ್ಲ್‌ದು ನೋಡ್ತೀನಿ," ಎಂದ ಸ್ಟಾವ್ರೋಸ್. "ಆಚೆಯವರು ನಂದು ನೋಡ್ತಾರೆ."

"ಇವನು ಮಧ್ಯಾಹ್ನವೆಲ್ಲ ಹಳದಿ ಹಳದಿ ಅಂತ ಬಡ್ಕೊಂಡ," ಎಂದು ಮರ್ಲ್ ಮುಂದುವರಿಸಿದಳು. "ಬಾಯಲ್ಲಿ ಏನು ಬೇಕಾದ್ರೂ ಹೇಳಿ ನಮ್ಮನ್ನ ಟೆಸ್ಟ್ ಮಾಡ್ಬಹುದು. ಆದ್ರೆ ಸ್ವಂತ ಮನೆ ಕಸದ ವಿಷಯದಲ್ಲಿ ಯಾರೂ ಸುಳ್ಳು ಹೇಳಲ್ಲ. ನಾಲ್ಕು ಗಂಟೆಗೆ ಇವನ ಹಳದಿ ಹೊರಗೆ ಬಂತು, ನಾಲ್ಕೂವರೆಗೆ ಬೀದಿಯೆಲ್ಲ ಹಳದಿ."

ನೆವಿಲ್ ಸಾಲಾಗಿ ನಿಂತ ಮುಚ್ಚಳಗಳನ್ನು ಮತ್ತೊಮ್ಮೆ ನೋಡಿದ. ಬುದ್ಧಿವಂತರ ಬೀದಿಯೆಂದು ಅವನೂ ಇಷ್ಟು ವರ್ಷ ಹೆಮ್ಮೆಪಟ್ಟಿದ್ದ. ಮೇಯರಮ್ಮ ಅವನ ಗೇಟಿನ ಮುಂದಿನ ಹಳದಿ ಡಬ್ಬವನ್ನು ಒಂದು ಸುತ್ತು ಬಂದು, ಒಳ್ಳೆಯ ತಳಿಯ ಟಗರನ್ನು ನೋಡುವ ಹಾಗೆ ನೋಡಿದರು.

"ವಾರ್ವಿಕ್, ಹನ್ನೊಂದು ವರ್ಷ, ವಾರವಾರ ಪರೀಕ್ಷೆ ಆಗಿ, ಒಂದು ಸಲವೂ ತಪ್ಪದೇ ಇರೋದು ನಮ್ಮ ಕೌನ್ಸಿಲ್‌ನಲ್ಲಿ ಬೇರೆ ಏನಿದೆ?"

"ಏನೂ ಇಲ್ಲ, ಮೇಡಂ."

"ಹಾಗಾದ್ರೆ ಆ್ಯಪಿನಿಂದ ಆ ವಾರದ ಲೆಕ್ಕ ಎಲ್ಲಾ ಕಿತ್ತಾಕಿ. ಇಲ್ಲೊಂದು ಕ್ಯಾಮೆರಾ ಹಾಕಿ. ಬುಧವಾರ ನಾಲ್ಕು ಗಂಟೆಗೆ ನೆವಿಲ್ ಡಬ್ಬದ ಫೋಟೋ ಇಡೀ ಊರಿನ ಫೋನಿಗೆ ಹೋಗ್ಲಿ."

"ಮೇಡಂ, ನನ್ನ ರಜೆ?" ಎಂದ ನೆವಿಲ್. ಸ್ವರ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು.

"ಮಂಜೂರು. ಮೂರು ತಿಂಗಳೂ ತಗೋ," ಎಂದರು ಮೇಯರಮ್ಮ ಉದಾರವಾಗಿ. "ಪ್ರತಿ ವಾರದ ಬುಧವಾರ ಒಂದನ್ನ ಬಿಟ್ಟು."

ರೇಲೀನ್ ಬೆರಳು ಮಡಚಿ ಎಣಿಸಿದಳು. ಉತ್ತರದ ಕಡಲಿಗೆ ಹೋಗುವ ದಾರಿಯೇ ಐದು ದಿನದ್ದು. ಎರಡನೆಯ ಸಲ ಎಣಿಸುವ ಗೋಜಿಗೆ ಹೋಗದೆ ಅವಳು ಒಳಗೆ ಹೋದಳು.

"ವಾರ್ವಿಕ್, ಒಂದು ವಾರ ನಾನು ಕಾಯಿಲೆ ಬಿದ್ರೆ?" ನೆವಿಲ್ ಕಾರಿನ ಕಿಟಕಿ ಹಿಡಿದುಕೊಂಡು ಕೇಳಿದ. "ಕಾಲು ಮುರಿದ್ರೆ? ಸತ್ತೇ ಹೋದ್ರೆ? ಇದನ್ನೆಲ್ಲ ಒಂದ್ಸಲ ಪರೀಕ್ಷೆ ಮಾಡಿ ನೋಡ್ಬೇಡ್ವಾ?"

"ಏನೂ ಆಗಲ್ಲ ಬಿಡು," ಎಂದು ವಾರ್ವಿಕ್ ಗಾಡಿ ಹೊರಡಿಸಿದ.

ಗುರುವಾರ ಬೆಳಗ್ಗೆ ಲಾರಿ ಇಪ್ಪತ್ತೆರಡು ಹಳದಿ ಡಬ್ಬಗಳನ್ನೂ ಬರಿದು ಮಾಡಿ ಹೋಯಿತು. ಏಳು ಗಂಟೆಗೆ ಕೌನ್ಸಿಲ್‌ನವರು ಬಂದು ಗೇಟಿಗೆ ಕ್ಯಾಮೆರಾ ಬಿಗಿದರು. ಕೌನ್ಸಿಲ್ ಇಷ್ಟು ಬೇಗ ಯಾವ ಕೆಲಸವನ್ನೂ ಮಾಡಿದ್ದು ಊರಿನಲ್ಲಿ ಯಾರಿಗೂ ನೆನಪಿಲ್ಲ. ಏಳೂವರೆಗೆ ಕ್ಯಾರವಾನ್ ಹೊರಟಿತು. ರೇಲೀನ್ ಹೇಳಿದ ಮಾತಿನಂತೆ ಕಾರು ನಡೆಸುತ್ತಿದ್ದಳು. ಪಕ್ಕದಲ್ಲಿ ಹುಲ್ಲಿನ ಟೋಪಿ ಹಾಕಿಕೊಂಡ ಮರ್ಲ್ ಕೂತಿದ್ದಳು.

"ಹೇಗೂ ಒಂದು ಸೀಟು ಖಾಲಿ ಇತ್ತು," ಎಂದು ಮರ್ಲ್ ಕಿಟಕಿಯಿಂದ ಕೈಬೀಸಿದಳು. "ನನ್ನ ಡಬ್ಬಾನೂ ನೀನೇ ಇಡು, ಆಯ್ತಾ?"

ನೆವಿಲ್ ಅವರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ. ಆಮೇಲೆ ಖಾಲಿ ಡಬ್ಬಗಳ ನಡುವೆ ಬನಿಯನ್ನಿನಲ್ಲೇ ನಿಂತು, ಕ್ಯಾಮೆರಾ ನಿಜವಾಗಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಅದರತ್ತ ಒಮ್ಮೆ ಕೈಯಾಡಿಸಿದ. ಜೇಬಿನಲ್ಲಿ ಫೋನು ಟಿಣ್ ಎಂದಿತು. ಟಾಲಿಯಾಳ ಸಂದೇಶ.

'ನನ್ನ ಫೋನಲ್ಲಿ ಸರಿಯಾಗೇ ಕಾಣ್ತಿದೀಯ. ಆದ್ರೆ ಜೂನ್ ತಿಂಗಳ ಚಳೀಲಿ ಬರೀ ಬನಿಯನ್ ಹಾಕ್ಕೊಂಡು ಯಾಕೆ ನಿಂತಿದೀಯ? ಕಾಯಿಲೆ ಬೀಳ್ತೀಯ.'